ಕಟಕಟೆಯಲ್ಲಿ ಕೇಳಿದ ‘ಸಪ್ರೇಟು’

ಕೋರ್ಟಿನ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಪರೀಕ್ಷೆ ಪಾಸಾಗಿರುತ್ತದೆ, ಆದೇಶ ಕೈಗೆ ಬಂದಿರುತ್ತದೆ, ಮುಂದಿನ ವಾರ ಹಾಜರಾಗಬೇಕಾಗಿರುತ್ತದೆ. ಕಾಫಿ ಲೋಟ ಕೈಲಿ ಹಿಡಿದು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. “ಮೇಡಂ, ಸ್ಪೀಡು ಎಷ್ಟಿರಬೇಕು?” ಸ್ಪೀಡು ತಾನಾಗಿ ಬರುತ್ತದೆ, ಬೆರಳಿಗಿಂತ ಮೊದಲು ಕಿವಿ ಪಳಗಬೇಕು ಎನ್ನುತ್ತೇನೆ. ನಂಬುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಮಳವಳ್ಳಿ, ಮದ್ದೂರು, ಮಂಡ್ಯ ಈ ಮೂರು ಊರುಗಳಲ್ಲೇ ನನ್ನ ಸರ್ವೀಸು ಮುಗಿಯಿತು. ನಾನು ಶೀಘ್ರಲಿಪಿಗಾರ್ತಿ. ನ್ಯಾಯಾಧೀಶರ ಪೀಠದ ಕೆಳಗೆ, ಸಾಕ್ಷಿ ನಿಲ್ಲುವ ಕಟಕಟೆಗೆ ಎಲ್ಲರಿಗಿಂತ ಹತ್ತಿರದ ಕುರ್ಚಿ ನನ್ನದು. ಸಾಕ್ಷಿ ಹೇಳುವುದು ಹಳ್ಳಿಯ ಕನ್ನಡದಲ್ಲಿ. ಸಾಹೇಬರು ಅದನ್ನು ಅಲ್ಲೇ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಎಲ್ಲ ಮುಗಿದ ಮೇಲೆ ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಂದು ಸಾಕ್ಷಿಗೆ ಓದಿ ಹೇಳಬೇಕು. ಸರಿಯಿದೆ ಎಂದರೆ ಸಹಿ ಇಲ್ಲವೇ ಹೆಬ್ಬೆಟ್ಟು. ಅಂದರೆ ಒಬ್ಬರ ಬಾಯಿಂದ ಹೊರಟ ಮಾತು ಆಚೆ ದಡಕ್ಕೆ ಹೋಗಿ ಅದೇ ಮಾತಾಗಿ ವಾಪಸ್ಸು ಬರಬೇಕು.

ಆ ದಾರಿಯಲ್ಲಿ ನನಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು ಇಂಗ್ಲಿಷಿನದೇ ಒಂದು ಪದ. ಸಪರೇಟ್. ನಮ್ಮ ಸೀಮೆಯ ಬಾಯಲ್ಲಿ ಸಪ್ರೇಟು. ಬೇರೆ, ಸಂಬಂಧವಿಲ್ಲದ್ದು, ಅಂಟಿಕೊಂಡಿಲ್ಲದ್ದು ಎಂದು ನಿಘಂಟು ಹೇಳುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಈ ಪದ ಗೊತ್ತು. ತೊಂದರೆ ಇರುವುದೂ ಅಲ್ಲೇ. ಸಾಕ್ಷಿ ಯಾವುದಾದರೂ ಹಳ್ಳಿಯ ಮಾತು ಆಡಿದರೆ ಸಾಹೇಬರು ಅಲ್ಲೇ ನಿಲ್ಲಿಸಿ ಅರ್ಥ ಕೇಳುತ್ತಾರೆ. ಇಂಗ್ಲಿಷ್ ಪದ ಬಂದರೆ ಯಾರೂ ಕೇಳುವುದಿಲ್ಲ. ಇದ್ದ ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಟ್ಟುಬಿಡುತ್ತಾರೆ.

ಮಳವಳ್ಳಿಗೆ ಹಾಜರಾದ ಹೊಸದರಲ್ಲಿ ನನಗೆ ಅದರ ಸ್ಪೆಲಿಂಗೇ ಬರುತ್ತಿರಲಿಲ್ಲ. ಆಗ ಟೈಪ್‌ರೈಟರು. ಒಂದು ತಪ್ಪಾದರೆ ಕಾರ್ಬನ್ನಿನ ಕೆಳಗಿನ ಪ್ರತಿಗಳಲ್ಲೂ ಅದೇ ತಪ್ಪು. ನಮ್ಮ ಶಿರಸ್ತೇದಾರರು ವಯಸ್ಸಾದವರು, ಎಲೆ ಅಡಿಕೆ ಹಾಕಿಕೊಂಡು ಮೆಲ್ಲಗೆ ಮಾತಾಡುವವರು. ಹಾಳೆಯ ಮೇಲೆ ಕೆಂಪು ಸುತ್ತು ಹಾಕಿ ಕರೆದರು.

“ಇದರ ಹೊಟ್ಟೇಲಿ ಒಂದು ಇಲಿ ಐತೆ ಕಣಮ್ಮ. ರ್‍ಯಾಟು. ಪಿ, ಅದರ ಹಿಂದೆ ಎ, ಆಮೇಲೆ ಇಲಿ, ಕೊನೇಲಿ ಇ ಅದರ ಬಾಲ. ನೀನು ಎ ಬದಲು ಇ ಹಾಕಿ ಇಲೀನೇ ಓಡಿಸ್ಬಿಟ್ಟಿದ್ದೀಯ.”

ಸ್ಪೆಲಿಂಗು ಅಂದೇ ಸರಿಹೋಯಿತು. ಅರ್ಥ ಸರಿಹೋಗಲು ವರ್ಷಗಳು ಹಿಡಿದವು.

ಮೊದಲ ಪಾಠ ಹಾಲಿನದು. ಆಗ ನಮ್ಮಲ್ಲಿದ್ದ ಸಾಹೇಬರು ಧಾರವಾಡದ ಕಡೆಯವರು. ಗಟ್ಟಿ ದನಿ, ಮೆದು ಮನಸ್ಸು. ಹಳ್ಳಿಯೊಂದರ ಡೈರಿ ಮುಂದೆ ಇಬ್ಬರು ಹೊಡೆದಾಡಿದ್ದ ಕೇಸು. ಚಿಕ್ಕಣ್ಣ ಎಂಬುವನ ತಲೆಗೆ ಮಾದೇಶ ಎಂಬುವನು ಹಾಲಿನ ಕ್ಯಾನಿನಿಂದ ಹೊಡೆದಿದ್ದ. ಸಾಲಿನಲ್ಲಿ ನಿಂತಿದ್ದ ರೈತನೊಬ್ಬ ಸಾಕ್ಷಿ.

“ಚಿಕ್ಕಣ್ಣ ಬಂದು ಮಾದೇಸನ ಹಾಲ್ನ ಸಪ್ರೇಟು ಅಂದ ಬುದ್ದಿ. ಅದ್ಕೇ ಒಡ್ದ.”

ಚಿಕ್ಕಣ್ಣ ಮಾದೇಶನ ಹಾಲನ್ನು ಪ್ರತ್ಯೇಕವಾಗಿ ಇಡಲು ಹೇಳಿದನೆಂದು ಸಾಹೇಬರು ಇಂಗ್ಲಿಷಿನಲ್ಲಿ ಬರೆಸಿದರು. ಬರೆಸಿದವರಿಗೇ ಸಮಾಧಾನವಾಗಲಿಲ್ಲ. ಕನ್ನಡಕ ತೆಗೆದು ಸಾಕ್ಷಿಯನ್ನು ನೋಡಿದರು.

“ಹಾಲು ಬ್ಯಾರೆ ಇಡು ಅಂದಿದ್ದಕ್ಕ ತಲಿ ಒಡೀತಾರೇನ್ರಿ?”

“ಬ್ಯಾರೆ ಇಡು ಅನ್ನಲಿಲ್ಲ ಬುದ್ದಿ. ಸಪ್ರೇಟು ಅಂದ.”

“ಎರಡೂ ಒಂದ ಅಲ್ಲೇನು?”

“ಎಂಗಾದದು ಬುದ್ದಿ? ಮಿಸನ್ನಿಗಾಕಿ ಕೆನೆ ತಗ್ದ ಮ್ಯಾಲೆ ನೀಲಿಗೆ ನೀರ್ನಂಗೆ ಉಳೀತದಲ್ಲ, ಅದು ಸಪ್ರೇಟು. ಮಾದೇಸ ಅಂತದ್ನ ತಂದು ಡೈರಿಗೆ ಉಯ್ದವ್ನೆ ಅಂತ ಇವನಂದ. ಅವತ್ತು ಮಾದೇಸನ ಬೀಗ್ರು ಅಲ್ಲೇ ನಿಂತಿದ್ರು.”

ಬೀಗರ ಎದುರಿಗೆ ಒಬ್ಬನ ಹಾಲನ್ನು ಕೆನೆ ತೆಗೆದ ಹಾಲು ಅಂದರೆ ಏನಾಗುತ್ತದೆ ಎಂದು ಧಾರವಾಡದವರಿಗೂ ಹೇಳಿಕೊಡಬೇಕಾಗಿರಲಿಲ್ಲ. ಸಾಹೇಬರು ನಕ್ಕರು, ವಾಕ್ಯವನ್ನು ಹೊಡೆದು ಹಾಕಿಸಿ ಹೊಸದಾಗಿ ಬರೆಸಿದರು. ಅಂದಿನಿಂದ ಊಟದ ವಿರಾಮದಲ್ಲಿ ನನ್ನನ್ನೋ ಜವಾನರನ್ನೋ ಕರೆದು ನಮ್ಮ ಕಡೆಯ ಮಾತುಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. ವರ್ಗವಾಗಿ ಹೋಗುವ ಹೊತ್ತಿಗೆ ಸಾಕ್ಷಿ ಏನಾದರೂ ಹೇಳಿದರೆ “ಅಂಗಾ?” ಎನ್ನುವಷ್ಟು ಪಳಗಿದ್ದರು. ಮೇಲಧಿಕಾರಿ ಎಂದರೆ ನನ್ನ ಕಣ್ಣ ಮುಂದೆ ಮೊದಲು ಬರುವುದು ಅವರೇ. ಗೊತ್ತಿಲ್ಲ ಎಂದು ಹೇಳಲು ಅವರಿಗೆ ಸಂಕೋಚವೇ ಇರಲಿಲ್ಲ.

ಮದ್ದೂರಿಗೆ ಬಂದಾಗ ಜಮೀನಿನ ಕೇಸುಗಳು. ಅಲ್ಲಿ ಸಪ್ರೇಟು ಎಂದರೆ ಅಣ್ಣ ತಮ್ಮ ಪಾಲಾದದ್ದು. ಆತಗೂರು ಕಡೆಯ ಇಬ್ಬರು ಅಣ್ಣತಮ್ಮಂದಿರ ಒಂದು ದಾವೆ ನೆನಪಿದೆ. ಯಾವಾಗ ಸಪರೇಟ್ ಆದಿರಿ ಎಂದು ಕೇಳಿದರೆ ಅಣ್ಣ ಹೇಳಿದ ವರ್ಷಕ್ಕೂ ತಮ್ಮ ಹೇಳಿದ ವರ್ಷಕ್ಕೂ ಬಹಳ ಅಂತರ. ಇಬ್ಬರಲ್ಲೊಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದು ಎರಡೂ ಕಡೆಯ ವಕೀಲರು ಸಾಕಷ್ಟು ಹೊತ್ತು ಜಗಳ ಕಾದರು. ಕೊನೆಗೆ ಸಾಹೇಬರು ಅಣ್ಣನನ್ನೇ ಕೇಳಿದರು, “ಅವತ್ತು ಏನೇನು ಭಾಗ ಮಾಡ್ಕೊಂಡ್ರಿ?”

“ಒಲೆ, ಸೋಮಿ. ಎಂಗಸ್ರು ಬ್ಯಾರೆ ಬ್ಯಾರೆ ಒಲೆ ಹೂಡುದ್ರು.”

“ಜಮೀನು?”

“ಅದು ಆಮ್ಯಾಕೆ. ಸರ್ವೆಯೋರು ಬಂದು ಅಳ್ದಾಗ.”

ತಮ್ಮ ಹೇಳಿದ್ದು ಆ ಎರಡನೆಯ ದಿನವನ್ನು. ಇಬ್ಬರದೂ ನಿಜ. ಕಾನೂನಿನಲ್ಲಿ ಊಟ, ಆಸ್ತಿ, ಪೂಜೆ ಮೂರನ್ನೂ ಬೇರೆ ಬೇರೆ ನೋಡುತ್ತಾರೆ. ಸಾಹೇಬರು ಅದನ್ನೂ ಕೇಳಿಬಿಡೋಣವೆಂದು “ದೇವರು?” ಎಂದರು. ಅಣ್ಣತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ಷಗಳಿಂದ ಮಾತು ಬಿಟ್ಟಿದ್ದ ಜನ.

“ಮಾರಮ್ಮನ್ನ ಎಂಗ್ ಸೋಮಿ ಸಪ್ರೇಟ್ ಮಾಡಾನ?” ಎಂದ ತಮ್ಮ. “ಹಬ್ಬಕ್ಕೆ ಇಬ್ರೂ ಒಂದೇ ತಂಬಿಟ್ಟು ಎತ್ಕಂಡೋಯ್ತೀವಿ.”

ಇದೇ ಪದ ಕೇಳಿ ನನ್ನ ಬೆರಳು ತಡೆದದ್ದು ಒಂದು ಸಲ ಮಾತ್ರ. ಹಳ್ಳಿಯ ಹೋಟೆಲಿನಲ್ಲಿ ತನಗೆ ಮಾತ್ರ ಸಪ್ರೇಟ್ ಲೋಟದಲ್ಲಿ ಟೀ ಕೊಟ್ಟರೆಂದು ದೂರು ಕೊಟ್ಟಿದ್ದ ತರುಣ ಕಟಕಟೆಗೆ ಬಂದಿದ್ದ. ಹೋಟೆಲಿನವರ ವಕೀಲರು ಪಾಟಿ ಸವಾಲಿನಲ್ಲಿ, ಪ್ರತಿಯೊಬ್ಬರಿಗೂ ಒಂದೊಂದು ಲೋಟ ಕೊಡುವುದು ಶುಚಿತ್ವ, ಹಾಗಾಗಿ ಎಲ್ಲರ ಲೋಟವೂ ಸಪರೇಟೇ ಅಲ್ಲವೇ ಎಂದರು. ಆತ ಅವಸರ ಮಾಡಲಿಲ್ಲ. “ಬೇರೆಯವರ ಲೋಟ ಹೋಟೆಲಿನವರೇ ತೊಳೀತಾರೆ ಸರ್. ನನ್ನ ಲೋಟ ನಾನೇ ತೊಳೆದು ಗೋಡೆ ಆಚೆ ಇಡಬೇಕಿತ್ತು” ಎಂದ. ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಸಾಹೇಬರು ಅವರನ್ನು ತಡೆದು ಆತನ ವಾಕ್ಯವನ್ನು ಕನ್ನಡದಲ್ಲೇ, ಆಡಿದ ಹಾಗೇ ದಾಖಲಿಸುವಂತೆ ನನಗೆ ಹೇಳಿದರು. ಒಂದು ಪದ ಯಾರ ಮೇಲೆ ಬೀಳುತ್ತದೆ ಎಂಬುದರಿಂದಲೂ ಅದರ ಅರ್ಥ ಬದಲಾಗುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ಮಂಡ್ಯಕ್ಕೆ ಬರುವಷ್ಟರಲ್ಲಿ ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದಿತ್ತು. ನಾನು ಟೈಪ್ ಮಾಡಿದ್ದು ಆ ಕ್ಷಣವೇ ಸಾಹೇಬರ ಮುಂದಿನ ಪರದೆಯಲ್ಲಿ ಕಾಣುತ್ತದೆ. ತಪ್ಪು ತಿದ್ದುವುದು ಸುಲಭ. ಸುಲಭವಾದದ್ದರಿಂದ ಎಲ್ಲರಿಗೂ ಅವಸರ. ಕೊನೆಗೆ ಓದಿ ಹೇಳುವುದಿದೆಯಲ್ಲ, ಅದು ಎಷ್ಟೋ ಕಡೆ ಶಾಸ್ತ್ರಕ್ಕೆ ಉಳಿಯಿತು. ಗಡಗಡ ಓದಿ ಹೆಬ್ಬೆಟ್ಟಿನ ಶಾಯಿ ಮುಂದಿಡುವುದು. ನಾನು ಮಾತ್ರ ಅದನ್ನು ಬಿಡಲಿಲ್ಲ. ಸಾಕ್ಷಿಯ ಪಕ್ಕ ನಿಂತು, ಅವರ ಮುಖ ನೋಡಿಕೊಂಡು, ಅವರಿಗೆ ಅರ್ಥವಾಗುವ ಮಾತಿನಲ್ಲಿ ಓದುತ್ತಿದ್ದೆ. ತಡವಾಯಿತೆಂದು ಗೊಣಗಿದವರಿದ್ದರು. ಗೊಣಗಲಿ.

ಅಲ್ಲಿಗೆ ಸವಿತಾಳ ಕೇಸು ಬಂತು.

ಸವಿತಾ ಮದ್ದೂರಿನ ಹತ್ತಿರ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು. ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಒಬ್ಬಳೇ ಮಗಳು, ಆಗಷ್ಟೇ ಒಂದನೇ ತರಗತಿಗೆ ಸೇರಿದವಳು. ಆ ಮಗುವನ್ನು ತಮ್ಮ ವಶಕ್ಕೆ ಕೊಡಿಸಬೇಕೆಂದು ಗಂಡನ ತಂದೆ ಬೋರೇಗೌಡರು ಅರ್ಜಿ ಹಾಕಿದ್ದರು. ತಮ್ಮ ಮಗ ಬದುಕಿದ್ದಾಗಲೇ ಸೊಸೆ ಅವನಿಂದ ಬೇರೆಯಾಗಿದ್ದಳು, ಗಂಡನನ್ನು ಬಿಟ್ಟವಳ ಕೈಲಿ ಮಗುವಿನ ಹಿತವಿಲ್ಲ ಎಂದು ಅರ್ಜಿ ಹೇಳುತ್ತಿತ್ತು. ಅದು ಇಂಗ್ಲಿಷಿನಲ್ಲಿತ್ತು. ಎಲ್ಲವೂ ಸುಳ್ಳು ಎಂದು ಸವಿತಾಳ ವಕೀಲರು ತಕರಾರು ಹಾಕಿದ್ದರು. ಆ ಮಾತು ಪ್ರತಿ ಕೇಸಿನಲ್ಲೂ ಇರುವುದರಿಂದ ಅದಕ್ಕೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ.

ಬೋರೇಗೌಡರ ಪರವಾಗಿ ಅವರ ಪಕ್ಕದ ಮನೆಯ ನಿಂಗಮ್ಮ ಸಾಕ್ಷಿಗೆ ಬಂದರು. ವಯಸ್ಸಾಗಿತ್ತು, ಆದರೆ ಕಟಕಟೆಯ ಕಂಬಿ ಹಿಡಿಯದೆ ನೆಟ್ಟಗೆ ನಿಂತರು. ಪೀಠದಲ್ಲಿದ್ದವರು ಬೆಂಗಳೂರಿನಲ್ಲಿ ಬೆಳೆದ, ಚಿಕ್ಕ ವಯಸ್ಸಿನ ನ್ಯಾಯಾಧೀಶೆ. ಬಹಳ ಚುರುಕು.

“ಬೋರೇಗೌಡರ ಮಗ ಸೊಸೆ ಹೇಗಿದ್ದರು?” ಎಂದು ವಕೀಲರು ಕೇಳಿದರು.

“ಸಪ್ರೇಟ್ ಆಗಿದ್ರು. ಅವನು ಸಾಯೋ ಒತ್ಗೆ ಎರಡ್ ವರ್ಸ ಆಗಿತ್ತು ಸಪ್ರೇಟ್ ಆಗಿ.”

ಮುಂದಿನ ಬೆಂಚಿನಲ್ಲಿ ಕೂತಿದ್ದ ಸವಿತಾ ಹೌದೆಂಬಂತೆ ತಲೆಯಾಡಿಸಿದಳು. ನ್ಯಾಯಾಧೀಶರು ಅದನ್ನೂ ನೋಡಿದರು. ಗಂಡ ಸಾಯುವ ಮೊದಲು ಎರಡು ವರ್ಷ ದಂಪತಿಗಳು ಬೇರ್ಪಟ್ಟಿದ್ದರು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಟೈಪ್ ಮಾಡಿದೆ. ಸವಿತಾಳ ವಕೀಲರು ಅಂದು ಬೇರೆ ಕೋರ್ಟಿನಲ್ಲಿದ್ದರು. ಅವರ ಬದಲು ಬಂದಿದ್ದ ಕಿರಿಯ ವಕೀಲರು ಎದ್ದು, ನೀವು ಹೇಳುವುದು ಸುಳ್ಳು ಎಂದು ಒಂದು ಪ್ರಶ್ನೆ ಕೇಳಿ ಕೂತರು. ನಿಂಗಮ್ಮ “ನಾನ್ಯಾಕೆ ಸುಳ್ಳೇಳನಪ್ಪ?” ಎಂದರು. ಸಾಕ್ಷಿ ಮುಗಿಯಿತು.

ನಾನು ಹಾಳೆ ತೆಗೆದುಕೊಂಡು ಕಟಕಟೆಯ ಪಕ್ಕ ಹೋಗಿ ನಿಂತೆ. ಹೆಸರು, ಊರು ಓದಿದೆ. ಹೂಂ ಎಂದರು. ಆ ವಾಕ್ಯ ಬಂತು. ದಂಪತಿಗಳು ಪ್ರತ್ಯೇಕವಾಗಿ ವಾಸಿಸುತ್ತಿದ್ದರು ಎಂದು ಓದಿದೆ. ಅದಕ್ಕೂ ಹೂಂ ಎಂದರು, ಆದರೆ ಆ ಹೂಂ ಅರ್ಥವಾದವರ ಹೂಂ ಅಲ್ಲ ಎಂದು ನನ್ನ ಕಿವಿಗೆ ಗೊತ್ತಾಯಿತು. ಬಿಡಿಸಿ ಹೇಳಿದೆ.

“ಸವಿತಾ, ಅವಳ ಗಂಡ ದೂರ ದೂರ ಇದ್ರು ಅಂತ ಬರೆದಿದೆ ಅಮ್ಮ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ.”

“ಯಾರಂದೋರು ಅಂಗಂತ?”

“ನೀವೇ ಹೇಳಿದ್ರಲ್ಲ, ಸಪ್ರೇಟ್ ಆಗಿದ್ರು ಅಂತ.”

“ಸಪ್ರೇಟ್ ಆಗಿದ್ರು ಅಂದೆ. ಬುಟ್ಟಿದ್ರು ಅಂದ್ನಾ? ಗಂಡ ಎಂಡ್ತಿ ಇಬ್ರೂ ಸೇರ್ಕಂಡೇ ಸಪ್ರೇಟ್ ಆದದ್ದು ಕಣವ್ವ. ಒಬ್ಬೊಬ್ರೇ ಎಂಗ್ ಸಪ್ರೇಟ್ ಆದಾರು?”

ನಾನು ತಿರುಗಿ, “ಮೇಡಂ, ಸಾಕ್ಷಿ ಈ ವಾಕ್ಯ ಒಪ್ಪುತ್ತಿಲ್ಲ” ಎಂದೆ. ಬೋರೇಗೌಡರ ವಕೀಲರು ಎದ್ದರು. ಹೇಳಿಕೆ ಮುಗಿದಿದೆ, ಈಗ ತಿದ್ದಲು ಬರುವುದಿಲ್ಲ ಎಂದರು. “ಹೆಬ್ಬೆಟ್ಟು ಬಿದ್ದಿಲ್ಲ ವಕೀಲರೇ, ಕೂತ್ಕೊಳ್ಳಿ” ಎಂದರು ನ್ಯಾಯಾಧೀಶರು. ಆಮೇಲೆ ನಿಂಗಮ್ಮನ ಕಡೆ ತಿರುಗಿ, “ಏನಾಗಿತ್ತು ಅಂತ ನಿಧಾನಕ್ಕೆ ಹೇಳಿ ಅಮ್ಮ” ಎಂದರು.

“ಬೋರಣ್ಣನ ಮನೇಲಿ ಮೂರು ಜನ ಸೊಸೇರು, ಅಡ್ಗೆಮನೆ ಒಂದೇ. ಈ ಸವಿತಂಗೆ ಒತ್ತಾರೆನೇ ಗಾರ್ಮೆಂಟ್ಸ್ ಬಸ್ಸು. ಒಲೆ ಸಿಕ್ತಿರ್ಲಿಲ್ಲ. ಅದ್ಕೇ ಗಂಡ ಎಂಡ್ತಿ ಭಾರತೀನಗರದಾಗೆ ಒಂದ್ ಮನೆ ಮಾಡ್ಕಂಡ್ರು. ಇವ್ಳು ಬಸ್ಸಿಗೋದ್ರೆ ಅವ್ನೇ ಮಗ್ಳಿಗೆ ಜಡೆ ಆಕಿ ಅಂಗನವಾಡಿಗೆ ಬುಡೋನು. ನಾನು ಓಗಿ ಎರಡ್ ದಿನ ಇದ್ದು ಬಂದಿವ್ನಿ.” ಅಷ್ಟು ಹೇಳಿ ಹಿಂದೆ ಕೂತಿದ್ದ ಬೋರೇಗೌಡರ ಕಡೆ ನೋಡಿದರು. “ಬೋರಣ್ಣ, ನೀನೇ ಅಲ್ವಾ ಟ್ರ್ಯಾಕ್ಟರ್ನಾಗೆ ಸಾಮಾನು ಸಾಗ್ಸಿದ್ದು?”

ಹಾಗೆ ಸಾಕ್ಷಿ ಪಕ್ಷಗಾರನನ್ನು ಮಾತಾಡಿಸುವ ಹಾಗಿಲ್ಲ. ನ್ಯಾಯಾಧೀಶರು ತಡೆಯಲಿಲ್ಲ. ಬೋರೇಗೌಡರು ಎದ್ದು ನಿಂತು ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡರು.

“ಔದು ತಾಯಿ. ನಾನೇ ಬುಟ್ಟು ಬಂದೆ. ಆಲುಕ್ಕಿಸ್ತೀವಿ, ಕುಡ್ಕಂಡು ಓಗಿ ಮಾವ ಅಂದ್ಲು. ಕುಡ್ಕಂಡೇ ಬಂದೆ.”

“ಹಾಗಿದ್ದ ಮೇಲೆ ಸೊಸೆ ಗಂಡನನ್ನು ಬಿಟ್ಟಿದ್ದಳು ಅಂತ ಅರ್ಜಿಯಲ್ಲಿ ಯಾಕೆ ಬರೆಸಿದ್ರಿ?”

ಬೋರೇಗೌಡರು ತಮ್ಮ ವಕೀಲರ ಮುಖ ನೋಡಿದರು, ಮತ್ತೆ ಪೀಠದ ಕಡೆ ನೋಡಿದರು. “ಬುಟ್ಟೋಳು ಅಂತ ನಾನೆಲ್ಲಂದೆ? ಸಪ್ರೇಟ್ ಆಗಿದ್ರು ಅಂದೆ. ಅದು ದಿಟ ಅಲ್ವಾ?”

ಅರ್ಜಿಯಲ್ಲಿ ಏನಿದೆ ಎಂದು ಸವಿತಾಳಿಗೆ ಕನ್ನಡದಲ್ಲಿ ಕೇಳಿಸಿದ್ದು ಆಗಲೇ ಮೊದಲು. ಮಗು ಕೇಳುತ್ತಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಎದ್ದು ನಿಂತಳು. ಜೋರಾಗಿ ಮಾತಾಡಲಿಲ್ಲ.

“ಮಾವ, ನಾನು ಅವರನ್ನ ಬುಟ್ಟಿದ್ದೆ ಅಂದ್ರಾ ನೀವು?”

“ಇಲ್ಲ ಕಣವ್ವ. ನಮ್ಮಟ್ಟಿ ದೇವ್ರಾಣೆ ಇಲ್ಲ.”

ವಕೀಲರು ತಲೆ ತಗ್ಗಿಸಿ ಕಡತ ತಿರುವುತ್ತಿದ್ದರು. ಅವರು ಕೆಟ್ಟವರಲ್ಲ, ಊರಲ್ಲಿ ಒಳ್ಳೆಯ ಹೆಸರಿದ್ದವರು. ಕಕ್ಷಿಗಾರ ಇಂಗ್ಲಿಷಿನಲ್ಲಿ ಹೇಳಿದ ಒಂದೇ ಪದವನ್ನು ಅವರು ಇಂಗ್ಲಿಷೆಂದೇ ನಂಬಿದ್ದರು. ಎದ್ದು, “ನಾನು ತಿಳಿದುಕೊಂಡದ್ದು ಬೇರೆ ಮೇಡಂ” ಎಂದು ಒಪ್ಪಿಕೊಂಡರು. ಹಾಗೆ ತೆರೆದ ಕೋರ್ಟಿನಲ್ಲಿ ಒಪ್ಪಿಕೊಳ್ಳುವವರು ಅಪರೂಪ.

ನ್ಯಾಯಾಧೀಶರು ಪರದೆಯಲ್ಲಿದ್ದ ವಾಕ್ಯವನ್ನು ಅಳಿಸಲು ಹೇಳಿದರು. ಸ್ವಲ್ಪ ಯೋಚಿಸಿ, ಗಂಡ ಹೆಂಡತಿ ಮಗುವಿನೊಂದಿಗೆ ತಮ್ಮದೇ ಒಂದು ಮನೆ ಮಾಡಿಕೊಂಡು ಗಂಡ ಸಾಯುವವರೆಗೂ ಒಟ್ಟಿಗಿದ್ದರು ಎಂದು ಬರೆಸಿದರು. ಅದನ್ನು ಓದಿ ಹೇಳಿದೆ. ನಿಂಗಮ್ಮ ಪೂರ್ತಿ ಕೇಳಿಸಿಕೊಂಡು, “ಈಗ ಸರಿಯಾಯ್ತು” ಎಂದು ಹೆಬ್ಬೆಟ್ಟು ಮುಂದೆ ಮಾಡಿದರು.

ಅಂದು ಮಧ್ಯಾಹ್ನ ನ್ಯಾಯಾಧೀಶರು ಮಾವ ಸೊಸೆ ಇಬ್ಬರನ್ನೂ ಚೇಂಬರಿಗೆ ಕರೆದರು. ಬೇಕಾದರೆ ಬರೆದುಕೊಳ್ಳಲೆಂದು ನಾನೂ ಇದ್ದೆ. ಬರೆಯುವಂಥದ್ದು ಮೊದಲ ಅರ್ಧ ಗಂಟೆ ಏನೂ ಇರಲಿಲ್ಲ. ಮಗನ ತಿಥಿಯ ದಿನ ಬೋರೇಗೌಡರ ಹೆಂಡತಿ ಸಂಕಟದಲ್ಲಿ ಏನೋ ಅಂದಿದ್ದರು. ಆ ಮಾತಿಗೆ ನೊಂದು ಸವಿತಾ ಮಗುವನ್ನು ಕರೆದುಕೊಂಡು ಹೊರಟವಳು ಮತ್ತೆ ಆ ಬಾಗಿಲು ತುಳಿದಿರಲಿಲ್ಲ. ಇವರು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಮೊಮ್ಮಗಳ ಮುಖ ನೋಡಲು ಬೇರೆ ದಾರಿ ಕಾಣದೆ ಕೋರ್ಟಿಗೆ ಬಂದೆ ಎಂದರು ಬೋರೇಗೌಡರು. “ಮಗೀನ ಕಿತ್ಕಳಕ್ಕೆ ಬಂದಿಲ್ಲ ತಾಯಿ. ನೋಡಕ್ಕೆ ಬುಟ್ರೆ ಸಾಕು.”

“ಅದನ್ನ ನಂಗೇ ಹೇಳಬೋದಿತ್ತಲ್ಲ ಮಾವ,” ಎಂದಳು ಸವಿತಾ.

“ಫೋನ್ ಎತ್ತಿದ್ರೆ ಏಳ್ತಿದ್ದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೋರೇಗೌಡರು ಅರ್ಜಿ ಹಿಂದಕ್ಕೆ ಪಡೆಯುತ್ತೇನೆ ಎಂದರು. ನ್ಯಾಯಾಧೀಶರು ಹಾಗೇ ಬಿಡಲಿಲ್ಲ. ಮಗು ತಾಯಿಯ ಹತ್ತಿರವೇ ಇರುವುದು, ಶನಿವಾರ ಶಾಲೆ ಬಿಟ್ಟ ಮೇಲೆ ತಾತ ಕರೆದುಕೊಂಡು ಹೋಗಿ ಭಾನುವಾರ ಸಂಜೆ ತಂದು ಬಿಡುವುದು ಎಂದು ಇಬ್ಬರನ್ನೂ ಒಪ್ಪಿಸಿ ರಾಜಿಯಾಗಿ ಬರೆಸಿದರು.

ಈಗ ಹೊಸ ಹುಡುಗರು ಹೇಳುತ್ತಾರೆ, ಮಾತಾಡಿದ್ದನ್ನು ತಾನೇ ಅಕ್ಷರ ಮಾಡುವ ಯಂತ್ರ ಬರುತ್ತದಂತೆ, ಇನ್ನು ನಮ್ಮ ಕೆಲಸ ಏನು ಉಳಿಯುತ್ತದೆ ಮೇಡಂ ಎಂದು. ಬರಲಿ. ಸಪ್ರೇಟು ಎಂದು ಕೇಳಿಸಿದರೆ ಅದು ಸಪ್ರೇಟು ಎಂದೇ ಬರೆದೀತು. ಹೆಬ್ಬೆಟ್ಟಿಗೆ ಮೊದಲು ಸಾಕ್ಷಿಯ ಪಕ್ಕ ಹೋಗಿ ನಿಂತು, ನೀವು ಹೇಳಿದ್ದು ಹೀಗೇನಾ ಎಂದು ಮುಖ ನೋಡಿ ಕೇಳುವವರು ಬೇಕೇ ಬೇಕು. ಆ ಕುರ್ಚಿಯಲ್ಲಿ ಕೂರುವ ನೀವು ಅದನ್ನು ಮಾತ್ರ ಯಾರ ಅವಸರಕ್ಕೂ ಬಿಡಬೇಡಿ.

ರಾಜಿಗೆ ಸಹಿ ಹಾಕಲು ಅವರೆಲ್ಲ ಮತ್ತೆ ಬಂದದ್ದು ಒಂದು ಶನಿವಾರ. ಕೆಲಸ ಮುಗಿಸಿ ನಾನು ಹೊರಗೆ ಬಂದಾಗ ಮೂವರೂ ಜಗಲಿಯಲ್ಲಿ ನಿಂತಿದ್ದರು. ಮಗು ತಾತನ ಬೆರಳು ಹಿಡಿದಿತ್ತು. ಸವಿತಾ ಮಗುವಿನ ಬಟ್ಟೆಯ ಚೀಲವನ್ನು ಮಾವನ ಕೈಗೆ ಕೊಡುತ್ತಿದ್ದಳು.

“ಐಸ್‌ಕ್ರೀಮ್ ಕೊಡಿಸ್ಬ್ಯಾಡಿ ಮಾವ. ಸೀತ ಆಗ್ಯದೆ ಅವಳ್ಗೆ.”

“ಗೊತ್ತದೆ ಬುಡವ್ವ.”

ಮಗು ತಾಯಿಯನ್ನು ನೋಡಿ, “ನೀನು ಬರಲ್ವಾ?” ಎಂದು ಕೇಳಿತು. ಸವಿತಾ ಮಗುವಿನ ಹಣೆಯ ಮೇಲಿನ ಕೂದಲು ಸರಿಮಾಡಿದಳು. ಬೋರೇಗೌಡರು ಎಲ್ಲೋ ನೋಡುತ್ತ ನಿಂತರು.

“ನಾಳೆ ಬತ್ತೀನಿ ಕಣೆ,” ಎಂದಳು. “ಊಟದೊತ್ಗೆ.”

ಬೋರೇಗೌಡರು ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೊಮ್ಮಗಳನ್ನು ಎತ್ತಿಕೊಂಡರು. ಮೆಟ್ಟಿಲು ಇಳಿಯುತ್ತಾ, ಸೊಸೆಯ ಕಡೆ ತಿರುಗದೆ, ಮಗುವಿಗೇ ಹೇಳುವವರಂತೆ ಹೇಳಿದರು.

“ಅಂಗಾರೆ ನಾಟಿಕೋಳಿ ಕುಯ್ಸಾನ.”